ನುಡಿ ರೂಢಿಯವರಿಗೆ ಇನ್‌ಸ್ಕ್ರಿಪ್ಟ್: ಒತ್ತಕ್ಷರದ ಕೀಲಿ ಬದಲಿಸಬಹುದೇ?

ಪ್ರಶ್ನೆ: ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲಿ ಎಫ್ ಕೀಲಿಯಿಂದ ಒತ್ತಕ್ಷರ ಮೂಡಿಸಿ ರೂಢಿಯಾಗಿರುವ ನಾನು ಈಗ ಸೇರಿರುವ ದಾವಣಗೆರೆಯ ಡಿಟಿಪಿ ಕೇಂದ್ರದಲ್ಲಿ ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿಮಣೆ ವಿನ್ಯಾಸ) ಮಾತ್ರ ಇದ್ದು, ಅದರಲ್ಲಿ ಒತ್ತಕ್ಷರ ಮೂಡಿಸುವ ಹಲಂತವು ಡಿ ಕೀಲಿಯಲ್ಲಿರುವುದರಿಂದ ಬೆರಳು ಪದೇ ಪದೇ ತಪ್ಪುತ್ತಿದೆ. ಎಫ್ ಮತ್ತು ಡಿ ಕೀಲಿಗಳನ್ನು ಅದಲುಬದಲು ಮಾಡಬಹುದೇ?

ಉತ್ತರ 1: ವಿಂಡೋಸ್‌ನಲ್ಲಿ ಕೀಲಿ ಬದಲಿಸಬಲ್ಲ ಪವರ್‌ಟಾಯ್ಸ್ ತಂತ್ರಾಂಶದಿಂದ ಮಾಡಬಹುದು ಸರ್, ಆದರೆ ಇಂಗ್ಲಿಷ್ ಬೆರಳಚ್ಚಿನಲ್ಲೂ ಆ ಅಕ್ಷರಗಳು ಅದಲುಬದಲಾಗುತ್ತವೆ. ಮೈಕ್ರೋಸಾಫ್ಟ್ ಕೀಬೋರ್ಡ್ ಲೇಔಟ್ ಕ್ರಿಯೇಟರ್‌ನಲ್ಲಿ ಪ್ರತ್ಯೇಕ ಕನ್ನಡ ವಿನ್ಯಾಸ ರಚಿಸಿಕೊಂಡರೆ ಇಂಗ್ಲಿಷಿಗೆ ತೊಂದರೆಯಿಲ್ಲ.

ಉತ್ತರ 2: ಒಂದು ಕೀಲಿ ಬದಲಿಸಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳು ಎಡಗೈಗೆ, ಬಹುತೇಕ ವ್ಯಂಜನಗಳು ಬಲಗೈಗೆ ಬರುವಂತೆ ಹಂಚಿರುವುದರಿಂದ, ಎಫ್‌ನಲ್ಲಿರುವ ಇಕಾರದ ಗುಣಿತ ಚಿಹ್ನೆಯನ್ನು ಡಿಗೆ ಸರಿಸಿದರೂ ಉಳಿದ ಕೀಲಿಗಳು ಹೊಸದಾಗಿಯೇ ಇರುತ್ತವೆ. ಮಾಲೀಕರ ಅನುಮತಿ ಪಡೆದು ನುಡಿಯನ್ನೇ ಹಾಕಿಕೊಳ್ಳಿ. ಲಿನಕ್ಸ್ ಆದರೆ ನುಡಿಯನ್ನು ಹೋಲುವ ಕಗಪ ವಿನ್ಯಾಸ ಅದರಲ್ಲೇ ಸಿಗುತ್ತದೆ.

ಪ್ರಶ್ನೆ ಕೇಳಿದವರು: ಗಣಕದಲ್ಲಿರುವುದು ವಿಂಡೋಸ್. ನಾಳೆ ಮಾಲೀಕರನ್ನು ಕೇಳುತ್ತೇನೆ.