ಯೆಜ್ಡಿ ರೋಡ್‌ಕಿಂಗ್: ಎರಡು ಸಲ ಸೀಲ್ ಹಾಕಿದರೂ ಮುಂದಿನ ಶಾಕ್ಸ್ ಸೋರುತ್ತಿದೆ

ಹಾಸನದ_ಹಳೇಗಾಡಿ:
ಅಪ್ಪನ 1986ರ ರೋಡ್‌ಕಿಂಗ್ ಬೈಕ್ ಹನ್ನೆರಡು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಎಂಜಿನ್ ಹೇಗೋ ಜೀವಕ್ಕೆ ಬಂತು. ಈಗ ತಲೆನೋವು ಮುಂದಿನ ಶಾಕ್ಸ್‌ದು. ಮನೆಯಲ್ಲೇ ಬಿಚ್ಚಿ ಎರಡು ಸಲ ಆಯಿಲ್ ಸೀಲ್ (ಎಣ್ಣೆ ತಡೆಯುವ ರಬ್ಬರ್ ಬಳೆ) ಹಾಕಿದೆ, ಎರಡೇ ವಾರಕ್ಕೆ ಬಲಗಡೆ ಮತ್ತೆ ಸೋರಿ ಬ್ರೇಕ್ ಡ್ರಮ್ ತನಕ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದೆ. ಗುಂಡಿಗೆ ಇಳಿದರೆ ಟಕ್ ಅಂತ ಸದ್ದು ಬೇರೆ. ಅಂಗಡಿಯವನು ಸೀಲ್ ಡೂಪ್ಲಿಕೇಟ್ ಅಂತಾನೆ. ನಿಜಾನಾ? ಇಡೀ ಫೋರ್ಕ್ (ಎರಡೂ ಶಾಕ್ಸ್ ಸೇರಿದ ಮುಂದಿನ ಕವಲು) ಬದಲಾಯಿಸಿದರೆ ಅಪ್ಪ ಮನೆಗೆ ಸೇರಿಸಲ್ಲ.

ಟೂಸ್ಟ್ರೋಕ್_ಮೈಸೂರು:
ಪಾಪ, ಸೀಲನ್ನು ಯಾಕೆ ಬೈತೀರಿ, ಸೀಲಿನೊಳಗೆ ಮೇಲೆ ಕೆಳಗೆ ಓಡಾಡುವ ಶಾಕ್ಸ್‌ನ ಕ್ರೋಮ್ ಪೈಪ್ ನೋಡಿದಿರಾ? ಕೊಟ್ಟಿಗೆ ತೇವ, ಗಂಜಲದ ಗಾಳಿ, ಕ್ರೋಮ್ ಎದ್ದಿರುತ್ತದೆ. ಪೈಪ್ ಒರೆಸಿ, ಸೀಲ್ ಓಡಾಡುವ ಜಾಗದಲ್ಲಿ ಉಗುರನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಎಲ್ಲಾದರೂ ಉಗುರು ಸಿಕ್ಕಿದರೆ ಅಲ್ಲೇ ಸೀಲಿನ ತುಟಿ ಹರಿಯುತ್ತಿರುವುದು. ನೀವು ಹತ್ತು ಸೀಲ್ ಹಾಕಿದರೂ ಅಷ್ಟೇ.
ಸೂಜಿಮೊನೆಯಷ್ಟು ಗುಳಿಯಾದರೆ ತುಕ್ಕು ತೆಗೆದು ಅರಾಲ್ಡೈಟ್ ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ 1000 ನಂಬರ್ ವಾಟರ್ ಪೇಪರ್‌ನಲ್ಲಿ ಸಮ ಮಾಡಿ. ಜಾಸ್ತಿ ಇದ್ದರೆ ಹಾರ್ಡ್ ಕ್ರೋಮ್ ಹಾಕಿಸಿ ಹಳೇ ಅಳತೆಗೇ ಗ್ರೈಂಡಿಂಗ್ ಮಾಡಿಸಬೇಕು. ಸೈಲೆನ್ಸರ್‌ಗೆ ಹಾಕುವ ಹೊಳೆಯೋ ಕ್ರೋಮ್ ಮಾತ್ರ ಬೇಡ, ಅದು ತೆಳು, ಸುಮ್ನೆ ದುಡ್ಡು ದಂಡ. ಕೊಡುವ ಮೊದಲು ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ, ಅಡಿಯಲ್ಲಿ ಬೆಳಕು ಹೆಚ್ಚು ಕಡಿಮೆ ಕಂಡರೆ ಸೊಟ್ಟ ಆಗಿದೆ. ಯೆಜ್ಡಿ ಮಾಡುತ್ತಿದ್ದ ನಮ್ಮೂರ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಈಗ ಒರಿಜಿನಲ್ ಪೈಪ್ ಅಂತ ಯಾರು ಮಾರಿದರೂ ನಾನಂತೂ ನಂಬಲ್ಲ, ಹಳೆಯದನ್ನೇ ಉಳಿಸಿಕೊಳ್ಳಿ.

ಲೇತ್_ಮಾವ:
ಆ ಟಕ್ ಸದ್ದು ಬೇರೆ ರೋಗ ಇರಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿ. ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಬುಡದಲ್ಲಿ ಆಟ ಇದ್ದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಪೈಪ್ ಕೆಳಗಿನ ಕೇಸ್ ಒಳಗೆ ಹೋಗುವಲ್ಲಿ ಆಟ ಇದ್ದರೆ ಬುಷ್ (ಪೈಪನ್ನು ಓಲಾಡದಂತೆ ಹಿಡಿಯುವ ಬಳೆ) ಸವೆದಿದೆ. ಬುಷ್ ಸವೆದಿದ್ದರೆ ಪೈಪ್ ಓಲಾಡುತ್ತದೆ, ಹೊಸ ಸೀಲೂ ಬೇಗ ಹೋಗುತ್ತದೆ. ಆಮೇಲೆ ಡ್ರಮ್ ಬಿಚ್ಚಿ ನೋಡಪ್ಪಾ, ಬ್ರೇಕ್ ಲೈನರ್ ಎಣ್ಣೆ ಕುಡಿದಿದ್ದರೆ ಬದಲಾಯಿಸು. ಅದರಲ್ಲಿ ಉಳಿತಾಯ ಮಾಡಬೇಡ.

ಹಾಸನದ_ಹಳೇಗಾಡಿ:
ಉಗುರು ಎರಡು ಕಡೆ ಸಿಕ್ಕಿತು! ಒಂದು ಗುಳಿ ಅಕ್ಕಿ ಕಾಳಿನಷ್ಟಿದೆ. ಕೋನ್ ಸೆಟ್ ಕೂಡ ಸಡಿಲ. ಲೈನರ್ ಸದ್ಯ ಒಣಗೇ ಇದೆ. ಹಾರ್ಡ್ ಕ್ರೋಮ್‌ಗೇ ಕೊಡ್ತೀನಿ. ವಾಪಸ್ ಜೋಡಿಸುವಾಗ ಏನು ನೋಡಬೇಕು?

ಟೂಸ್ಟ್ರೋಕ್_ಮೈಸೂರು:
ಪೈಪ್ ತುದಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ, ಎಣ್ಣೆ ಸವರಿ ಸೀಲ್ ಇಳಿಸಿ, ಇಲ್ಲದಿದ್ದರೆ ಅಂಚಿಗೆ ತಾಗಿ ಅಲ್ಲೇ ಕುಯ್ಯುತ್ತದೆ. ಎರಡೂ ಕಡೆ ಆಯಿಲ್ ಒಂದೇ ಅಳತೆ ಇರಬೇಕು. ನಾನು ಮೆಡಿಕಲ್ ಶಾಪಿನ 50 ಎಂಎಲ್ ಸಿರಿಂಜ್‌ನಲ್ಲೇ ಹಾಕೋದು.