ಹಳೆಯ ಪಿಕಪ್‌ನ ಲೀಫ್ ಸ್ಪ್ರಿಂಗ್‌ಗೆ ಹೊಸ ಯು-ಬೋಲ್ಟ್: ಅಳತೆ ಮತ್ತು ಗ್ರೇಡ್ ನಿರ್ಧರಿಸುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನನ್ನ ಹಳೆಯ ಪಿಕಪ್ ಭಾರ ಹೊತ್ತಾಗ ಹಿಂದೆ ಕುಸಿಯುತ್ತಿರುವುದರಿಂದ, ಹಿಂಬದಿಯ ಎರಡೂ ಲೀಫ್ ಸ್ಪ್ರಿಂಗ್‌ಗಳನ್ನು (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಬಿಚ್ಚಿ, ಒಂದೊಂದಕ್ಕೆ 8 ಮಿ.ಮೀ. ದಪ್ಪದ ಒಂದು ಪಟ್ಟಿಯನ್ನು ಹೆಚ್ಚುವರಿಯಾಗಿ ಸೇರಿಸಲು ನಿರ್ಧರಿಸಿದ್ದೇನೆ. ಈ ಗಾಡಿಯಲ್ಲಿ ಸ್ಪ್ರಿಂಗ್ ಕಟ್ಟು ಆಕ್ಸಲ್‌ನ ಕೆಳಗಡೆ ಇದೆ. ಇವೆರಡನ್ನೂ ಸೇರಿಸಿ ಹಿಡಿಯುವ, U ಆಕಾರದ ಯು-ಬೋಲ್ಟ್‌ನ ಬಾಗು ಆಕ್ಸಲ್ ಕೊಳವೆಯ ಮೇಲೆ ಕೂರುತ್ತದೆ, ನಟ್‌ಗಳು ಕೆಳಗಿನ ಪ್ಲೇಟ್‌ನ ಅಡಿಯಲ್ಲಿ ಬರುತ್ತವೆ. ಈಗಿರುವ ಬೋಲ್ಟ್‌ಗಳ ಥ್ರೆಡ್ ತುಕ್ಕು ಹಿಡಿದಿದೆ.

ಬೋಲ್ಟ್‌ನ ನಯವಾದ ಭಾಗವನ್ನು ವರ್ನಿಯರ್‌ನಲ್ಲಿ ಅಳೆದರೆ 13 ಮಿ.ಮೀ. ಬರುತ್ತದೆ. ಅಂಗಡಿಯವರು 12 ಮತ್ತು 14 ಮಾತ್ರ ಇದೆ, 13 ಎಂಬ ಅಳತೆಯೇ ಬರುವುದಿಲ್ಲ ಎನ್ನುತ್ತಾರೆ. ಯಾವುದನ್ನು ತೆಗೆದುಕೊಳ್ಳಬೇಕು? ಅವರು ತೋರಿಸಿದ ಒಂದು ಜೋಡಿಯ ಬಾಗು ಚೌಕಾಕಾರದಲ್ಲಿತ್ತು, ಅದು ನಡೆಯುತ್ತದೆಯೇ? ಗ್ರೇಡ್ 8.8ರ ಬದಲು 10.9 ಹಾಕಿದರೆ ಹಿಡಿತ ಹೆಚ್ಚುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಉತ್ತರ 1

ನಿಮ್ಮದು ಬಹುತೇಕ 14 ಮಿ.ಮೀ. ಬೋಲ್ಟ್. ಥ್ರೆಡ್ ಇರುವ ಭಾಗದ ಹೊರ ಅಂಚನ್ನು, ತುಕ್ಕು ಕಡಿಮೆ ಇರುವ ಕಡೆ, ಇನ್ನೊಮ್ಮೆ ಅಳೆದು ನೋಡಿ, 13.8ರ ಆಸುಪಾಸಿನಲ್ಲಿ ಬಂದರೆ ಸಂಶಯವೇ ಬೇಡ. ಯು-ಬೋಲ್ಟ್‌ಗಳ ಥ್ರೆಡ್ಡನ್ನು ಸಾಮಾನ್ಯವಾಗಿ ಕತ್ತರಿಸಿ ಮಾಡುವುದಿಲ್ಲ, ಅಚ್ಚುಗಳ ನಡುವೆ ಉರುಳಿಸಿ ಒತ್ತಿ ಮಾಡುತ್ತಾರೆ. ಹಾಗೆ ಒತ್ತಿದಾಗ ತಗ್ಗಿನ ಲೋಹವೇ ಮೇಲೆದ್ದು ಏಣಾಗುವುದರಿಂದ, ಆರಂಭದ ಸರಳು ಥ್ರೆಡ್‌ನ ಹೊರ ವ್ಯಾಸಕ್ಕಿಂತ ಸಣ್ಣದಿರಬೇಕಾಗುತ್ತದೆ. 14 ಮಿ.ಮೀ. ವ್ಯಾಸ, 1.5 ಮಿ.ಮೀ. ಪಿಚ್ (ಥ್ರೆಡ್‌ನ ಒಂದು ಏಣಿನಿಂದ ಮುಂದಿನದಕ್ಕಿರುವ ಅಂತರ) ಇರುವ ಬೋಲ್ಟ್‌ಗೆ ಆ ಸರಳಿನ ದಪ್ಪ ಸುಮಾರು 13 ಮಿ.ಮೀ. ಆಗುತ್ತದೆ, ನಿಮ್ಮ ವರ್ನಿಯರ್ ತೋರಿಸಿದ್ದೂ ಅದನ್ನೇ. ಇದು ದೋಷವಲ್ಲ. ಉರುಳಿಸಿ ಮಾಡಿದ ಥ್ರೆಡ್‌ನ ಬುಡದಲ್ಲಿ ಲೋಹದ ಎಳೆ ತುಂಡಾಗಿರುವುದಿಲ್ಲವಾದ್ದರಿಂದ, ಸತತ ಕುಲುಕಾಟಕ್ಕೆ ಅದು ಕತ್ತರಿಸಿದ ಥ್ರೆಡ್‌ಗಿಂತ ಚೆನ್ನಾಗಿ ತಡೆಯುತ್ತದೆ.

12 ಮಿ.ಮೀ. ಬೋಲ್ಟ್ ಪ್ಲೇಟ್‌ನ ತೂತಿನಲ್ಲಿ ಸಲೀಸಾಗಿ ಇಳಿಯುತ್ತದೆ ಎಂಬ ಕಾರಣಕ್ಕೆ ಅದನ್ನು ಒಪ್ಪಿಕೊಳ್ಳಬೇಡಿ. ಅದರಿಂದ ಸಿಗುವ ಬಿಗಿತ ಗಣನೀಯವಾಗಿ ಕಡಿಮೆ.

ಬಾಗಿನ ವಿಷಯದಲ್ಲಿ ರಾಜಿ ಬೇಡ. ದುಂಡು ಕೊಳವೆಯ ಮೇಲೆ ಕೂರುವ ಬೋಲ್ಟ್‌ಗೆ ಅದೇ ಕೊಳವೆಗೆ ಹೊಂದುವ ದುಂಡು ಬಾಗೇ ಬೇಕು. ಚೌಕ ಬಾಗಿನ ಬೋಲ್ಟ್ ಹಾಕಿದರೆ ಕೊಳವೆಯ ನೆತ್ತಿಯಲ್ಲಿ ಒಂದೇ ಗೆರೆಯಷ್ಟು ತಾಗುತ್ತದೆ, ಬಿಗಿಯುತ್ತಾ ಹೋದಂತೆ ಅದರ ಮೂಲೆಗಳು ನೆಟ್ಟಗಾಗುತ್ತವೆ, ಕೆಲವು ದಿನಗಳಲ್ಲಿ ಬಿಗಿತ ತಾನೇ ಸಡಿಲುತ್ತದೆ. ಒಳ ಅಗಲವನ್ನು ಕೊಳವೆಯ ಹೊರ ವ್ಯಾಸಕ್ಕಿಂತ ಒಂದೆರಡು ಮಿ.ಮೀ. ಮಾತ್ರ ಹೆಚ್ಚಿರುವಂತೆ ಆರಿಸಿ.

ಉತ್ತರ 2

ಥ್ರೆಡ್ ಪೂರ್ತಿ ಹಾಳಾಗಿರದಿದ್ದರೆ, ತಂತಿ ಬ್ರಷ್‌ನಿಂದ ಉಜ್ಜಿ ಎಣ್ಣೆ ಹಾಕಿ, ಹೊಸ ನಟ್‌ಗಳೊಂದಿಗೆ ಹಳೆಯ ಬೋಲ್ಟ್‌ಗಳನ್ನೇ ಬಳಸಬಹುದಲ್ಲವೇ? ಅನೇಕ ಕಡೆ ಹಾಗೆ ಮಾಡುವುದನ್ನು ನೋಡಿದ್ದೇನೆ.

ಉತ್ತರ 3

ಮೇಲಿನವರ ಅಭಿಪ್ರಾಯವನ್ನು ಗೌರವಿಸುತ್ತಲೇ, ಈ ಒಂದು ವಿಷಯದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಯು-ಬೋಲ್ಟ್ ಸ್ಪ್ರಿಂಗನ್ನು ನೇತುಹಾಕುವ ಕೊಕ್ಕೆಯಲ್ಲ, ಅದು ಹಿಡಿಕಟ್ಟು. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಆ ಹಿಗ್ಗಿದ ಲೋಹ ಮರಳಿ ಕುಗ್ಗಲು ಎಳೆಯುವ ಬಲವೇ ಪಟ್ಟಿಗಳನ್ನೂ ಆಕ್ಸಲನ್ನೂ ಒಂದೇ ತುಂಡಿನಂತೆ ಒತ್ತಿ ಹಿಡಿಯುತ್ತದೆ. ಬ್ರೇಕ್ ಒತ್ತಿದಾಗ ಆಕ್ಸಲ್ ಜರುಗದಂತೆ ತಡೆಯುವುದು ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಹೊರತು ಪಟ್ಟಿಗಳ ನಡುವಿನ ತೂತಿನಲ್ಲಿ ಹಾಯುವ ಸೆಂಟರ್ ಬೋಲ್ಟ್ ಅಲ್ಲ. ಸೆಂಟರ್ ಬೋಲ್ಟ್‌ನ ತಲೆ ಸ್ಥಾನ ತೋರಿಸುವುದಕ್ಕಷ್ಟೇ ಇದೆ. ಯು-ಬೋಲ್ಟ್ ಸಡಿಲವಾದ ಗಾಡಿಯಲ್ಲಿ ಸೆಂಟರ್ ಬೋಲ್ಟ್ ತುಂಡಾಗುವುದು ಅಥವಾ ಪಟ್ಟಿಯೇ ನಡುವಿನ ತೂತಿನ ಬಳಿ ಸೀಳುವುದು ಇದೇ ಕಾರಣಕ್ಕೆ. ವರ್ಷಗಟ್ಟಲೆ ದುಡಿದ ಬೋಲ್ಟ್‌ನ ಥ್ರೆಡ್‌ಗಳು ಹಳೆಯ ನಟ್‌ನ ಎಳೆತಕ್ಕೆ ಒಂದಿಷ್ಟು ವಾಲಿರುತ್ತವೆ, ತುಕ್ಕಿನ ಗುಳಿಗಳಿಂದ ಬಿರುಕು ಶುರುವಾಗಿರಬಹುದು. ಇವೆರಡೂ ಬ್ರಷ್‌ನಿಂದ ಹೋಗುವಂಥವಲ್ಲ. ಬೋಲ್ಟ್, ನಟ್, ವಾಷರ್ ಮೂರನ್ನೂ ಒಟ್ಟಿಗೇ ಬದಲಿಸಿ. ಸಾಮಾನ್ಯ ನಟ್‌ಗಿಂತ ಎತ್ತರದ ನಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ವಾಷರ್ ಗಟ್ಟಿ ಉಕ್ಕಿನದಾಗಿರಲಿ.

ಗ್ರೇಡ್ ಬಗ್ಗೆ ಹೇಳುವುದಾದರೆ, 8.8ರಲ್ಲಿ ಮೊದಲ ಅಂಕಿಯ ನೂರು ಪಟ್ಟು, ಅಂದರೆ 800 ಮೆಗಾಪಾಸ್ಕಲ್, ಲೋಹ ತುಂಡಾಗುವ ಬಲ. ಅದರ ಹತ್ತರಲ್ಲಿ ಎಂಟು ಪಾಲು ಮುಟ್ಟಿದಾಗ ಅದು ಮರಳಿ ಬಾರದಂತೆ ಹಿಗ್ಗಲು ತೊಡಗುತ್ತದೆ. 10.9 ಇದಕ್ಕಿಂತ ಗಟ್ಟಿ, ನಿಜ. ಆದರೆ ಕೈಪಿಡಿಯಲ್ಲಿ ಹೇಳಿದ ಅದೇ ಟಾರ್ಕ್‌ಗೆ (ನಟ್ ತಿರುಗಿಸುವ ಬಲದ ಅಳತೆ) ಬಿಗಿದರೆ 10.9 ಬೋಲ್ಟ್ ಕೊಡುವ ಹಿಡಿತ 8.8 ಕೊಟ್ಟಷ್ಟೇ ಇರುತ್ತದೆ, ಏಕೆಂದರೆ ಹಿಡಿತವನ್ನು ತೀರ್ಮಾನಿಸುವುದು ಟಾರ್ಕ್, ವ್ಯಾಸ ಮತ್ತು ಥ್ರೆಡ್‌ನ ಘರ್ಷಣೆ. ಹಾಗಾಗಿ ಮೂಲ ಬೋಲ್ಟ್ 8.8 ಆಗಿದ್ದರೆ ಒಳ್ಳೆಯ ತಯಾರಿಕೆಯ 8.8 ಸಾಕು. 10.9 ಹಾಕುವುದೇ ಆದರೆ ನಟ್ ಕೂಡ 10ನೇ ದರ್ಜೆಯದಿರಲಿ. ನಾನು ಗ್ರೇಡ್‌ಗಿಂತ ಹೆಚ್ಚಾಗಿ ವಿಚಾರಿಸುವುದು ಬೋಲ್ಟನ್ನು ತಣ್ಣಗೆ ಬಾಗಿಸಿದ್ದಾರೆಯೇ ಎಂಬುದನ್ನು. ಹದ ಮಾಡಿದ ಸರಳನ್ನು ಕೆಂಪಗೆ ಕಾಯಿಸಿ ಬಾಗಿಸಿ ಹಾಗೆಯೇ ಬಿಟ್ಟರೆ ಆ ಜಾಗದ ಹದ ಹೋಗುತ್ತದೆ, ಆಮೇಲೆ ತುದಿಯಲ್ಲಿ ಯಾವ ಗುರುತಿದ್ದರೂ ಅದಕ್ಕೆ ಅರ್ಥವಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರ ವಿವರಣೆಗೂ ಕೃತಜ್ಞತೆಗಳು. ಥ್ರೆಡ್ ಅಳೆದೆ, 13.8 ಬಂತು. ಇನ್ನು ಉದ್ದ: ಪಟ್ಟಿ 8 ಮಿ.ಮೀ. ಇರುವುದರಿಂದ ಕಾಲುಗಳು ಅಷ್ಟೇ ಉದ್ದವಾದರೆ ಸಾಕೇ, ಅಥವಾ ಸಿಗುವುದರಲ್ಲಿ ಉದ್ದನೆಯದನ್ನು ತಂದು ಮಿಕ್ಕಿದ್ದನ್ನು ಕತ್ತರಿಸಲೇ?

ಉತ್ತರ 1ರವರು ಮತ್ತೆ

ಬಾಗಿನ ಒಳ ನೆತ್ತಿಯಿಂದ ಕಾಲಿನ ತುದಿಯವರೆಗಿನ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹಳೆಯ ಬೋಲ್ಟ್ ಸರಿಯಾದ ಉದ್ದದ್ದೇ ಆಗಿದ್ದರೆ ಅದಕ್ಕೆ 8 ಮಿ.ಮೀ. ಸೇರಿಸಿ, ಎತ್ತರದ ನಟ್ ಹಾಕುವುದಾದರೆ ಆ ಹೆಚ್ಚಿನ ಎತ್ತರವನ್ನೂ ಕೂಡಿಸಿ. ಬಿಗಿದ ಮೇಲೆ ನಟ್‌ನಿಂದ ಆಚೆಗೆ ಎರಡು ಮೂರು ಸುತ್ತು ಥ್ರೆಡ್ ಕಾಣಬೇಕು. ತೀರಾ ಉದ್ದನೆಯದನ್ನು ತಂದರೆ ಬೇರೊಂದು ತೊಂದರೆ ಇದೆ: ನಟ್ ಥ್ರೆಡ್ ಮುಗಿಯುವ ಜಾಗಕ್ಕೆ ಬಂದು ನಿಂತುಬಿಡುತ್ತದೆ, ಟಾರ್ಕ್ ರೆಂಚ್ ಟಕ್ ಎನ್ನುತ್ತದೆ, ಆದರೆ ಪಟ್ಟಿಗಳ ಮೇಲೆ ಒತ್ತಡವೇ ಬಿದ್ದಿರುವುದಿಲ್ಲ. ಆದ್ದರಿಂದ ಒಟ್ಟು ಉದ್ದದ ಜೊತೆಗೆ ಥ್ರೆಡ್ ಇರುವ ಭಾಗದ ಉದ್ದವನ್ನೂ ಅಳೆಯಿರಿ. ನಿಮ್ಮ ಗಾಡಿಯಲ್ಲಿ ತುದಿಗಳು ನೆಲದ ಕಡೆಗಿರುವುದರಿಂದ ಹೆಚ್ಚು ಮಿಕ್ಕಿದ್ದರೆ ಗರಗಸದಿಂದ ಕತ್ತರಿಸಿ, ಗ್ಯಾಸ್ ಕಟಿಂಗ್ ಬೇಡ. ಪಟ್ಟಿ ಸೇರಿಸಿದಾಗ ಸೆಂಟರ್ ಬೋಲ್ಟ್ ಕೂಡ ಉದ್ದವಾಗಬೇಕು, ಅದರ ತಲೆ ಆಕ್ಸಲ್ ಪೀಠದ (ಆಕ್ಸಲ್ ಮೇಲೆ ಸ್ಪ್ರಿಂಗ್ ತಾಗಿ ಕೂರುವ ಜಾಗ) ತೂತಿಗೆ ಆಡದಂತೆ ಕೂರಬೇಕು.

ಉತ್ತರ 3ರವರು ಮತ್ತೆ

ಜೋಡಿಸುವ ಮೊದಲು ಕೆಳಗಿನ ಪ್ಲೇಟ್ ಮೇಲೆ ನೇರ ಅಂಚಿನ ಸ್ಕೇಲ್ ಇಟ್ಟು ನೋಡಿ, ಬಾಗಿದ್ದರೆ ಬದಲಿಸಿ. ಒಂದರ ಮೇಲೊಂದು ಕೂರುವ ಮುಖಗಳಲ್ಲಿ ತುಕ್ಕಿನ ಪದರವಾಗಲಿ ದಪ್ಪ ಬಣ್ಣವಾಗಲಿ ಇರಬಾರದು, ಅದು ಪುಡಿಯಾಗಿ ಉದುರಿದಷ್ಟೂ ಹಿಡಿತ ಇಳಿಯುತ್ತದೆ. ನಾಲ್ಕೂ ನಟ್‌ಗಳನ್ನು ಮೊದಲು ಕೈಯಿಂದ ಸಮನಾಗಿ ಏರಿಸಿ, ನಂತರ ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಎದುರುಬದುರು ಮೂಲೆಗಳ ಕ್ರಮದಲ್ಲಿ ಮೂರು ನಾಲ್ಕು ಹಂತಗಳಲ್ಲಿ ಬಿಗಿಯಿರಿ. ಕೊನೆಯ ಹಂತಕ್ಕೆ ಗಾಳಿಯ ಗನ್ ಬೇಡ, ಟಾರ್ಕ್ ರೆಂಚೇ ಇರಲಿ. ಕೈಪಿಡಿಯ ಅಂಕಿ ಒಣ ಥ್ರೆಡ್‌ಗೆ ಹೇಳಿದ್ದೋ ಎಣ್ಣೆ ಸವರಿದ್ದಕ್ಕೋ ಎಂಬುದನ್ನು ಓದಿಕೊಳ್ಳಿ. ಒಣ ಅಂಕಿ ಇಟ್ಟುಕೊಂಡು ಗ್ರೀಸ್ ಹಚ್ಚಿ ಬಿಗಿದರೆ ಬೋಲ್ಟ್ ಮಿತಿ ಮೀರಿ ಹಿಗ್ಗುತ್ತದೆ.

ಹೊಸ ಪಟ್ಟಿಗಳು ಒಂದಕ್ಕೊಂದು ಕೂತುಕೊಂಡಂತೆ ಬಿಗಿತ ಸ್ವಲ್ಪ ಇಳಿಯುವುದು ಸಹಜ. ಸುಮಾರು 100 ಕಿ.ಮೀ. ಓಡಿಸಿದ ಬಳಿಕ ಅದೇ ಟಾರ್ಕ್‌ಗೆ ಮತ್ತೆ ಬಿಗಿಯಿರಿ, 1000 ಕಿ.ಮೀ. ಆಗುವಷ್ಟರಲ್ಲಿ ಇನ್ನೊಮ್ಮೆ ಪರೀಕ್ಷಿಸಿ. ಎರಡನೆಯ ಸಲವೂ ನಟ್ ತಿರುಗುತ್ತಿದ್ದರೆ ಬರೀ ಬಿಗಿದು ಬಿಡಬೇಡಿ, ಬಿಚ್ಚಿ ಪ್ಲೇಟ್ ಮತ್ತು ಆಕ್ಸಲ್ ಪೀಠವನ್ನು ನೋಡಿ.