ನಾಟಕದ ಪ್ರೇಕ್ಷಕರು ಕತ್ತಲೆಯಲ್ಲಿ ಕೂರುವ ಪದ್ಧತಿ ಬಂದದ್ದು ಯಾವಾಗ?

ಪ್ರಶ್ನೆ: ರಂಗಾಸಕ್ತ

ರಂಗಭೂಮಿಯ ಚರಿತ್ರೆಯನ್ನು ಓದಹೊರಟರೆ ನಾಟಕಕಾರರ ಮತ್ತು ಕೃತಿಗಳ ವಿವರ ಧಾರಾಳವಾಗಿ ದೊರೆಯುತ್ತದೆ; ನೋಡುವವರು ಎಲ್ಲಿ, ಹೇಗೆ ಕೂರುತ್ತಿದ್ದರು ಎಂಬುದು ಮಾತ್ರ ಅಡಿಟಿಪ್ಪಣಿಗೆ ಸರಿದುಬಿಡುತ್ತದೆ. ಪ್ರಾಚೀನ ಗ್ರೀಕರು ಹಗಲಿನಲ್ಲಿ, ಬಯಲಿನಲ್ಲಿ, ರಂಗವನ್ನು ಅರ್ಧಕ್ಕಿಂತ ಹೆಚ್ಚು ಸುತ್ತುವರಿದು ಕುಳಿತು ನಾಟಕ ನೋಡಿದರು. ಇಂದಿನ ಬಹುತೇಕ ರಂಗಮಂದಿರಗಳಲ್ಲಿ ಒಂದು ಚೌಕಟ್ಟಿನ ಎದುರು, ಕತ್ತಲೆಯಲ್ಲಿ, ಸದ್ದಿಲ್ಲದೆ ಕೂರುವುದೇ ರೂಢಿ. ಈ ಬದಲಾವಣೆ ವಿದ್ಯುದ್ದೀಪದಿಂದ ಬಂದದ್ದೇ, ಅಥವಾ ಅದಕ್ಕಿಂತ ಹಳೆಯದೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಮುಂಪರದೆ

ಚೌಕಟ್ಟು ಮತ್ತು ಕತ್ತಲೆ ಜೊತೆಯಾಗಿ ಬಂದವಲ್ಲ. ಎರಡರ ನಡುವೆ ಸುಮಾರು ಎರಡೂವರೆ ಶತಮಾನಗಳ ಅಂತರವಿದೆ. ಮೊದಲು ಚೌಕಟ್ಟಿನ ವಿಚಾರ.

ಗ್ರೀಸಿನಲ್ಲಿರುವ ಕ್ರಿ.ಪೂ. 4ನೆಯ ಶತಮಾನದ ಎಪಿಡಾರಸ್ ರಂಗಮಂದಿರದಲ್ಲಿ ಗುಡ್ಡದ ಇಳಿಜಾರಿನ ಕಲ್ಲಿನ ಆಸನಗಳು ಮೇಳದವರು ಹಾಡಿ ಕುಣಿಯುವ ವೃತ್ತಾಕಾರದ ಅಂಗಳವನ್ನು ತಬ್ಬಿಕೊಂಡಿವೆ. ಅರಿಸ್ಟಾಟಲ್ ಹೇಳುವಂತೆ ನಾಟಕಕಾರರಾದ ಈಸ್ಕಿಲಸ್ ಎರಡನೆಯ ನಟನನ್ನೂ ಸೊಫೋಕ್ಲಿಸ್ ಮೂರನೆಯವನನ್ನೂ ತಂದರು. ಮಾತು ನಟರ ಪಾಲಾದಂತೆ ಮೇಳದ ಪ್ರಾಧಾನ್ಯ ಕುಗ್ಗುತ್ತ ಹೋಯಿತು. ರೋಮನ್ನರು ಆ ವೃತ್ತವನ್ನು ಅರ್ಧವಾಗಿಸಿ, ಅಲ್ಲಿ ಗಣ್ಯರನ್ನು ಕೂರಿಸಿ, ರಂಗದ ಹಿಂದೆ ಎತ್ತರದ ಅಲಂಕೃತ ಗೋಡೆಯನ್ನು ನಿಲ್ಲಿಸಿದರು. ರೋಮಿನ ಮೊದಲ ಶಾಶ್ವತ ಕಲ್ಲಿನ ರಂಗಮಂದಿರವನ್ನು ಸೇನಾನಿ ಪಾಂಪೆ ಕ್ರಿ.ಪೂ. 55ರಲ್ಲಿ ಕಟ್ಟಿಸಿದನು. ಎಲ್ಲರೂ ಒಂದೇ ದಿಕ್ಕಿಗೆ ಮುಖಮಾಡಿ ನೋಡುವ ಅಭ್ಯಾಸದ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನಿಜವಾದ ತಿರುವು ಇಟಲಿಯ ನವೋದಯ ಕಾಲದ್ದು. ಚಿತ್ರಕಾರರು ಸಾಧಿಸಿದ್ದ ದೂರ–ಸಮೀಪಗಳ ಭ್ರಮೆಯನ್ನು ರಂಗದ ಮೇಲೂ ತರುವ ಹಂಬಲ ಆಗ ಬಲವಾಗಿತ್ತು. 1585ರಲ್ಲಿ ತೆರೆದ ವಿಚೆಂಜಾದ ಒಲಿಂಪಿಕೊ ರಂಗಮಂದಿರದಲ್ಲಿ ಗೋಡೆಯ ಬಾಗಿಲುಗಳ ಹಿಂದೆ ಕಿರಿದಾಗುತ್ತ ಸಾಗುವ ಮರದ ಬೀದಿಗಳನ್ನೇ ಕಟ್ಟಲಾಯಿತು. 1618ರಲ್ಲಿ ನಿರ್ಮಿಸಿದ ಪಾರ್ಮಾದ ಫಾರ್ನೆಸೆ ರಂಗಮಂದಿರದಲ್ಲಿ ಇಡೀ ರಂಗವೇ ಒಂದು ಭಾರಿ ಕಮಾನಿನೊಳಗೆ ಸೇರಿತು. ಕಮಾನು ಹಗ್ಗ, ರಾಟೆ, ಇಳಿದು ಬರುವ ಮೋಡಗಳ ಯಂತ್ರ ಎಲ್ಲವನ್ನೂ ಮರೆಮಾಡುತ್ತಿತ್ತು. ಆದರೆ ಅಂತಹ ದೃಶ್ಯ ಪೂರ್ತಿ ಸರಿಯಾಗಿ ಕಾಣುವುದು ಒಂದೇ ಜಾಗದಿಂದ, ಮತ್ತು ಆ ಜಾಗ ಆಳುವ ಅರಸನಿಗೆ ಮೀಸಲು. ಪಕ್ಕದಲ್ಲಿ ಕುಳಿತವರಿಗೆ ಬೀದಿಗಳು ಸೊಟ್ಟಗೆ ಕಂಡರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ!

ಉತ್ತರ: ದೀಪಧಾರಿ

ಕತ್ತಲೆಯ ಭಾಗವನ್ನು ನಾನು ಮುಂದುವರಿಸುತ್ತೇನೆ. ಮೇಣದಬತ್ತಿಗಳ ಕಾಲದಲ್ಲಿ ಪ್ರೇಕ್ಷಾಗೃಹದ ತೂಗುದೀಪಗಳು ಸಾಮಾನ್ಯವಾಗಿ ನಾಟಕದುದ್ದಕ್ಕೂ ಉರಿಯುತ್ತಲೇ ಇರುತ್ತಿದ್ದವು. ಜನ ನಾಟಕದಷ್ಟೇ ಆಸಕ್ತಿಯಿಂದ ಪರಸ್ಪರರನ್ನೂ ನೋಡಲು ಬರುತ್ತಿದ್ದರು. ಪ್ಯಾರಿಸ್ಸಿನ ನಾಟಕಸಂಸ್ಥೆಯಾದ ಕಾಮೆಡಿ ಫ್ರಾನ್ಸೇಸ್‌ನಲ್ಲಂತೂ ಶ್ರೀಮಂತರು ರಂಗದ ಮೇಲೆಯೇ ಕೂರುತ್ತಿದ್ದರು, ಅವರನ್ನು ಅಲ್ಲಿಂದ ಎಬ್ಬಿಸಿದ್ದು 1759ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಫ್ರೆಂಚ್ ಲೇಖಕ ದಿದರೋ ರಂಗದ ಅಂಚಿನಲ್ಲಿ ದೊಡ್ಡ ಗೋಡೆಯೊಂದಿದೆ ಎಂದು ಕಲ್ಪಿಸಿಕೊಂಡು ಅಭಿನಯಿಸುವಂತೆ ಬರೆದಿದ್ದನು. ಕತ್ತಲೆಯ ಬೇಡಿಕೆ ಹುಟ್ಟಿದ್ದು ಈ ಕಲ್ಪನೆಯಿಂದಲೇ ಎಂದು ನಾನು ತಿಳಿಯುತ್ತೇನೆ.

ಲಂಡನ್ನಿನ ರಂಗಮಂದಿರಗಳಿಗೆ 1817ರಲ್ಲಿ ಗ್ಯಾಸ್ ದೀಪ ಬಂದ ಬಳಿಕ ಎಲ್ಲ ದೀಪಗಳ ಬೆಳಕನ್ನೂ ಒಂದೇ ಕಡೆಯಿಂದ ಏರಿಸಿ ಇಳಿಸುವುದು ಸಾಧ್ಯವಾಯಿತು. ಆದರೂ ಪ್ರೇಕ್ಷಾಗೃಹವನ್ನು ಕತ್ತಲಾಗಿಸುವುದು ಕೂಡಲೇ ರೂಢಿಯಾಗಲಿಲ್ಲ, ಏಕೆಂದರೆ ಅಡ್ಡಿ ತಾಂತ್ರಿಕವಾದುದಾಗಿರದೆ ಸಾಮಾಜಿಕವಾದುದಾಗಿತ್ತು. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ತೆರೆದ ತನ್ನ ರಂಗಮಂದಿರದಲ್ಲಿ ಸಂಗೀತನಾಟಕಗಳ ರಚನಕಾರ ವಾಗ್ನರ್ ಪಕ್ಕದ ಬಾಲ್ಕನಿಗಳ ಸಾಲನ್ನು ತೆಗೆದುಹಾಕಿ, ಆಸನಗಳನ್ನು ಬೀಸಣಿಗೆಯಂತೆ ಹರಡಿ, ವಾದ್ಯವೃಂದವನ್ನು ರಂಗದ ಕೆಳಗೆ ಮರೆಮಾಡಿ, ಪ್ರೇಕ್ಷಾಗೃಹದ ದೀಪಗಳ ಬೆಳಕನ್ನು ಇಳಿಸಿದನು. ಲಂಡನ್ನಿನ ಸವಾಯ್ ರಂಗಮಂದಿರ ಪೂರ್ತಿಯಾಗಿ ವಿದ್ಯುತ್ತಿನಿಂದ ಬೆಳಗಿದ್ದು 1881ರಲ್ಲಿ. ಆದುದರಿಂದ ತಮ್ಮ ಪ್ರಶ್ನೆಗೆ ನೇರ ಉತ್ತರವೆಂದರೆ, ಕತ್ತಲೆ ವಿದ್ಯುತ್ತಿಗಿಂತ ಮೊದಲೇ ಬಂದಿತು. ವಿದ್ಯುತ್ತು ಅದನ್ನು ಸುಲಭಗೊಳಿಸಿ ಎಲ್ಲೆಡೆ ಹರಡಿತು.

ಉತ್ತರ: ನೇಪಥ್ಯ

ಮೇಲಿನ ಇಬ್ಬರ ವಿವರಣೆಯೂ ಸರಿಯಾಗಿದೆ, ಆದರೆ ಅದು ಯೂರೋಪಿನ ಕಥೆ ಮಾತ್ರ. ನಾಟ್ಯಶಾಸ್ತ್ರವು ಮನುಷ್ಯರಿಗೆ 64 ಹಸ್ತ (ಮೊಳ) ಉದ್ದ, 32 ಹಸ್ತ ಅಗಲದ ನಾಟ್ಯಗೃಹವನ್ನು ವಿಧಿಸಿ, ಅದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳಿಸದು, ಮುಖದ ಭಾವ ಕಾಣಿಸದು ಎಂದು ಎಚ್ಚರಿಸುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ಜನರೆದುರು ಮುಖವಾಡ ಧರಿಸಿ ನಿಂತ ಗ್ರೀಕ್ ನಟನಿಗೂ, ಕಣ್ಣು ಹುಬ್ಬುಗಳಿಂದಲೇ ಅರ್ಥವನ್ನು ಹೊಮ್ಮಿಸಬೇಕಾದ ನಟನಿಗೂ ಬೇಕಾದ ಕಟ್ಟಡಗಳು ಒಂದೇ ಆಗಲಾರವು. ಜಪಾನಿನ ಕಬುಕಿ ಎಂಬ ಸಾಂಪ್ರದಾಯಿಕ ನಾಟಕದಲ್ಲಿ ನಟರು ಪ್ರೇಕ್ಷಕರ ನಡುವಿನ ಹಾದಿಯಲ್ಲಿಯೇ ಪ್ರವೇಶಿಸುತ್ತಾರೆ. ಸುತ್ತುವ ರಂಗ ಒಸಾಕಾದಲ್ಲಿ 1758ರಲ್ಲಿಯೇ ಇತ್ತು, ಮ್ಯೂನಿಕ್‌ನಲ್ಲಿ ಅಂತಹುದು ಬಂದದ್ದು 1896ರಲ್ಲಿ. ಯೂರೋಪಿನೊಳಗೂ ಲಂಡನ್ನಿನ 1599ರ ಗ್ಲೋಬ್ ರಂಗಮಂದಿರದಲ್ಲಿ ಜನ ಮಧ್ಯಾಹ್ನದ ಬಿಸಿಲಿನಲ್ಲಿ ರಂಗದ ಮೂರು ಬದಿಗೂ ನಿಲ್ಲುತ್ತಿದ್ದರು, ರಾತ್ರಿಯ ದೃಶ್ಯಕ್ಕೆ ನಟನ ಮಾತು ಮತ್ತು ಕೈಯಲ್ಲೊಂದು ಪಂಜು ಸಾಕಾಗುತ್ತಿತ್ತು. ಚೌಕಟ್ಟನ್ನು ರಂಗಭೂಮಿಯ ಪ್ರಗತಿಯ ಕೊನೆಯ ಮೆಟ್ಟಿಲೆಂದು ಭಾವಿಸುವುದನ್ನು ನಾನು ಒಪ್ಪಲಾರೆ.

ಪ್ರತಿಕ್ರಿಯೆ: ರಂಗಾಸಕ್ತ

ಮೂವರಿಗೂ ಕೃತಜ್ಞತೆಗಳು. ಮೌನದ ವಿಚಾರ ಮಾತ್ರ ಉಳಿಯಿತು. ಅದೂ ಕತ್ತಲೆಯೊಂದಿಗೇ ಬಂದಿತೇ?

ಉತ್ತರ: ಮುಂಪರದೆ

ಪೂರ್ತಿಯಾಗಿ ಅಲ್ಲ, ಅದರಲ್ಲಿ ಬೆಂಚುಗಳ ಪಾಲೂ ಇದೆ. ಪ್ಯಾರಿಸ್ಸಿನಲ್ಲಿ ರಂಗದ ಮುಂದಿನ ನೆಲದಲ್ಲಿ ಅಗ್ಗದ ಟಿಕೆಟ್ಟಿನವರು ನಿಂತೇ ನೋಡುತ್ತಿದ್ದರು. ಕೂಗು, ಶಿಳ್ಳೆ, ನೂಕಾಟ ಎಲ್ಲವೂ ಅಲ್ಲಿಂದಲೇ. ಕಾಮೆಡಿ ಫ್ರಾನ್ಸೇಸ್ 1782ರಲ್ಲಿ ಹೊಸ ಕಟ್ಟಡಕ್ಕೆ ಹೋದಾಗ ಆ ಜಾಗದಲ್ಲಿ ಆಸನಗಳನ್ನು ಹಾಕಲಾಯಿತು, ಟಿಕೆಟ್ಟಿನ ದರವೂ ಏರಿತು. ಕುಳಿತ ಪ್ರೇಕ್ಷಕರಲ್ಲಿ ಹಿಂದಿನ ಕಾವು ಉಳಿಯದೆಂದು ಕೆಲವು ಲೇಖಕರು ಆಗಲೇ ಆಕ್ಷೇಪಿಸಿದ್ದರು.